ಬಿಸ್ಕತ್ತಿನ ಡಬ್ಬಿಯಲ್ಲಿದ್ದ ಚೀಟಿಗಳು

ಸಹೋದರಿಯರೇ, ನಿಮ್ಮ ಮನೆಯವರ ಸಂಬಳದ ಚೀಟಿಯನ್ನು ಎಂದಾದರೂ ಬಿಡಿಸಿ ಓದಿದ್ದೀರಾ? ನಾನಂತೂ ಓದಿದವಳಲ್ಲ. ಅವರು ಜೇಬಿನಿಂದ ತೆಗೆದು ಕೊಡುತ್ತಿದ್ದರು, ನಾನು ಹಳೆಯ ಬಿಸ್ಕತ್ತಿನ ಡಬ್ಬಿಗೆ ಹಾಕಿಡುತ್ತಿದ್ದೆ. ಅಷ್ಟೇ.

ನನ್ನ ಯಜಮಾನರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ದುಡಿದವರು. ಸಂಬಳದಲ್ಲಿ ನೂರಕ್ಕೆ 12ರಷ್ಟು ಭವಿಷ್ಯನಿಧಿಗೆಂದು ಕಡಿತವಾಗುತ್ತಿತ್ತು. ಮಾಲಕರೂ ಅಷ್ಟೇ ಸೇರಿಸಿ ಕಟ್ಟಬೇಕು. ಮಗಳ ನರ್ಸಿಂಗ್ ಓದಿಗೆ ಅದರಿಂದ ಮುಂಗಡ ತೆಗೆಯೋಣವೆಂದು ಮೊಬೈಲಿನಲ್ಲಿ ಪಾಸ್‌ಬುಕ್ ನೋಡಿದಾಗ ಎದೆ ಧಸಕ್ಕೆಂದಿತು. ಹದಿನಾಲ್ಕು ತಿಂಗಳಿನಿಂದ ಒಂದು ಪೈಸೆಯೂ ಜಮೆಯಾಗಿರಲಿಲ್ಲ! ಚೀಟಿಯಲ್ಲಿ ಕಡಿತ ಇದೆ, ಖಾತೆಯಲ್ಲಿ ಹಣ ಇಲ್ಲ.

ವಿಚಾರಿಸುವಷ್ಟರಲ್ಲಿ ಕಂಪೆನಿಯ ದಿವಾಳಿ ಅರ್ಜಿ ಬೆಂಗಳೂರಿನ ಕಂಪೆನಿ ಕಾನೂನು ನ್ಯಾಯಮಂಡಳಿಯಲ್ಲಿ ಅಂಗೀಕಾರವಾಗಿತ್ತು. 2016ರ ದಿವಾಳಿ ಸಂಹಿತೆಯಂತೆ ಆಮೇಲೆ ಕಂಪೆನಿಯ ಮೇಲೆ ಬೇರೆ ದಾವೆ ಹೂಡುವಂತಿಲ್ಲ. ಬಾಕಿ ಬರಬೇಕಾದವರೆಲ್ಲ ನೇಮಕಗೊಂಡ ಅಧಿಕಾರಿಯ ಮುಂದೆ ಲೆಕ್ಕ ಕೊಡಬೇಕು. ಪತ್ರಿಕೆಯಲ್ಲಿ ಪ್ರಕಟಣೆ ಬಂದಿತ್ತಂತೆ. ನಮ್ಮ ಮನೆಗೆ ಆ ಪುಟ ಕೊತ್ತಂಬರಿ ಸೊಪ್ಪು ಸುತ್ತಿಕೊಂಡು ಬಂದಿತ್ತೋ ಏನೋ! ನೌಕರರಿಗೆ ‘ಡಿ’ ನಮೂನೆ. ರಾತ್ರಿಯಿಡೀ ಕುಳಿತು ಡಬ್ಬಿಯ ಚೀಟಿಗಳನ್ನು ತಿಂಗಳುವಾರು ಜೋಡಿಸಿದೆವು.

ಆದರೆ ಮಂಜೂರಾದ ಯೋಜನೆಯಲ್ಲಿ ನಮ್ಮ ಭವಿಷ್ಯನಿಧಿಗೆ ಸಿಕ್ಕಿದ್ದು ಚಿಲ್ಲರೆ. ‘ಬಂದಷ್ಟು ಬರಲಿ ಬಿಡಿ’ ಎಂದರು ಜೊತೆಯವರು. ನಮ್ಮವರೂ ಸುಮ್ಮನಾದರು. ಗಂಡಸರು ಸೋತಾಗ ಮಾತು ನಿಲ್ಲಿಸಿಬಿಡುತ್ತಾರೆ ನೋಡಿ. ನನಗೆ ಮಾತ್ರ ಸಮಾಧಾನವಾಗಲಿಲ್ಲ. ಸಾಲ ಕೊಟ್ಟ ಬ್ಯಾಂಕು ನಷ್ಟ ಸಹಿಸಲಿ, ನಾವು ಸಾಲ ಕೊಟ್ಟವರಲ್ಲವಲ್ಲ? ಅದು ನಮ್ಮದೇ ಸಂಬಳ.

ಪರಿಚಯದ ವಕೀಲೆಯೊಬ್ಬರು ಅದನ್ನೇ ಹೇಳಿದರು. ಸಂಹಿತೆಯ 36ನೇ ಕಲಮಿನಂತೆ, ಕಂಪೆನಿ ಮುಚ್ಚಿ ಆಸ್ತಿ ಹಂಚುವಾಗ ಭವಿಷ್ಯನಿಧಿ, ಪಿಂಚಣಿ, ಗ್ರಾಚ್ಯುಟಿಯ ಬಾಕಿ ಆ ಆಸ್ತಿಗೆ ಸೇರುವುದೇ ಇಲ್ಲ. ಕಂಪೆನಿಯನ್ನು ಹೊಸಬರಿಗೆ ವಹಿಸುವಾಗಲೂ ಅದನ್ನು ಪೂರ್ತಿ ಕೊಡಬೇಕೆಂದು ಜೆಟ್ ಏರ್‌ವೇಸ್ ನೌಕರರ ಮೊಕದ್ದಮೆಯಲ್ಲಿ ಮೇಲ್ಮನವಿ ಮಂಡಳಿ 2022ರ ಅಕ್ಟೋಬರಿನಲ್ಲಿ ಹೇಳಿತು. ಕಂಪೆನಿ ಪಡೆಯಲಿದ್ದವರು ಸುಪ್ರೀಂ ಕೋರ್ಟಿಗೆ ಹೋದರೂ 2023ರ ಜನವರಿಯಲ್ಲಿ ಅವರ ಅರ್ಜಿ ವಜಾ ಆಯಿತು.

ಮೇಲ್ಮನವಿಗೆ ಇರುವುದು 30 ದಿನ. ತಡವಾದರೆ, ಸರಿಯಾದ ಕಾರಣವಿದ್ದರೆ ಮಾತ್ರ ಇನ್ನು 15 ದಿನ. ನಾವು ಇಪ್ಪತ್ತಾರನೆಯ ದಿನ ಸಲ್ಲಿಸಿದೆವು. ಸಹಿ ಹಾಕಿದ್ದು ಆರೇ ಜನ.

ಮಗಳ ಮೊದಲ ವರ್ಷದ ಶುಲ್ಕಕ್ಕೆ ನನ್ನ ಎರಡು ಬಳೆಗಳು ಹೋದವು. ಮನವಿ ಈಗ ಚೆನ್ನೈಯ ಪೀಠದಲ್ಲಿದೆ. ಮೊನ್ನೆ ಉಳಿದವರ ಪೈಕಿ ಒಬ್ಬರ ಹೆಂಡತಿ ಬಾಗಿಲಿಗೆ ಬಂದು, ‘ನಿಮ್ಮ ಡಬ್ಬಿಯಲ್ಲಿ ಇವರ ಚೀಟಿಯೇನಾದರೂ ಸೇರಿಕೊಂಡಿದೆಯಾ?’ ಎಂದು ಕೇಳಿದರು. ಇಬ್ಬರೂ ಕುಳಿತು ಮತ್ತೊಮ್ಮೆ ಹುಡುಕಿದೆವು.