ತೊಟ್ಟೆಯಲ್ಲಿದ್ದ ಚರಿತ್ರೆ

ಬೈಂದೂರಿನ ಕ್ಲಿನಿಕ್ಕೊಂದರಲ್ಲಿ ನಾನು ಔಷಧಿ ಕೊಡುವ ಕೆಲಸಕ್ಕೆ ಸೇರಿದ ಕಾಲದಲ್ಲಿ ರೋಗಿಯ ಚರಿತ್ರೆಯೆಲ್ಲ ಅವರವರ ಕೈಯ ಪ್ಲಾಸ್ಟಿಕ್ ತೊಟ್ಟೆಯೊಳಗೆ ಇರುತ್ತಿತ್ತು. ಹಳೆ ಚೀಟಿ, ರಕ್ತಪರೀಕ್ಷೆಯ ರಿಪೋರ್ಟು, ಗೆರೆಗಳೆಲ್ಲ ಮಾಸಿಹೋದ ಇಸಿಜಿ ಕಾಗದ. ಮಳೆಗಾಲದಲ್ಲಿ ಶಿರೂರಿನಿಂದಲೋ ಉಪ್ಪುಂದದಿಂದಲೋ ಬಸ್ಸಿಳಿದು ಬರುವಷ್ಟರಲ್ಲಿ ಅದೂ ಒದ್ದೆ ಮುದ್ದೆ. ನಮ್ಮ ಕಪಾಟಿನ ರಿಜಿಸ್ಟರುಗಳಿಗೆ ಒರಲೆಯ ಕಾಟ. "ಯಾವ ಗುಳಿಗೆ ತಗೊಳ್ತಿದ್ರಿ ಅಮ್ಮ?" ಎಂದರೆ "ಸಣ್ಣ ಬಿಳಿ ಗುಳಿಗೆ ಮಾರಾಯ್ರೆ" ಎಂಬ ಉತ್ತರ. ಬಿಪಿಯದ್ದೂ ಬಿಳಿ, ಶುಗರಿನದ್ದೂ ಬಿಳಿ.

ಕಂಪ್ಯೂಟರ್ ಬಂದಾಗ ಮೊದಲು ಕಾಡಿದ್ದು ಹೆಸರು. ಮಂಜುನಾಥ ಎಂದು ಹುಡುಕಿದರೆ ಪರದೆ ತುಂಬ ಮಂಜುನಾಥರು! ಮನೆಗೆಲ್ಲ ಒಂದೇ ಮೊಬೈಲಾದ್ದರಿಂದ ಫೋನ್ ನಂಬರಿನಿಂದಲೂ ಗುರುತು ಸಿಗುತ್ತಿರಲಿಲ್ಲ. ಊರು, ಮನೆ ಹೆಸರು, ತಂದೆಯ ಹೆಸರು ಕೇಳಿ ಬರೆದು, ಒಬ್ಬೊಬ್ಬರಿಗೂ ಬೇರೆ ಸಂಖ್ಯೆ ಕೊಟ್ಟೆವು. 2021ರಲ್ಲಿ ದೇಶಕ್ಕೆಲ್ಲ ಬಂದ 14 ಅಂಕಿಗಳ ಆಭಾ ಎಂಬ ಆರೋಗ್ಯ ಗುರುತಿನ ಸಂಖ್ಯೆ ಮಾಡಿಸಿಕೊಂಡವರ ಮಟ್ಟಿಗೆ ಈ ತೊಡಕು ತೀರಿತು.

ಒಂದು ಸಂಜೆ ಕಾಲು ಬಾತು, ಜ್ವರದಿಂದ ನಡುಗುತ್ತಿದ್ದ ಅಜ್ಜಿಯೊಬ್ಬರನ್ನು ಮಗ ರಿಕ್ಷಾದಲ್ಲಿ ಕರೆತಂದ. ಅವನು ಬೆಂಗಳೂರಿನ ಹೋಟೆಲಿನಿಂದ ರಜೆಗೆ ಬಂದವನು. ತಾಯಿಯ ಮದ್ದಿನ ವಿಷಯ ಅವನಿಗೇನೂ ತಿಳಿಯದು. ಅಜ್ಜಿಗೆ ಮಾತಾಡುವ ತ್ರಾಣವಿರಲಿಲ್ಲ. ಸಂಖ್ಯೆ ಒತ್ತಿದೊಡನೆ ಮೇಲ್ಗಡೆ ಕೆಂಪಕ್ಷರದಲ್ಲಿ ಬಂತು: ಪೆನ್ಸಿಲಿನ್ ಆಗುವುದಿಲ್ಲ. ಹಿಂದೊಮ್ಮೆ ಮೈಯೆಲ್ಲ ದಡಿಕೆ ಎದ್ದು ಉಸಿರು ಕಟ್ಟಿದ್ದನ್ನು ಡಾಕ್ಟ್ರು ಅಂದೇ ದಾಖಲಿಸಿದ್ದರು. ಈಗ ಬೇರೆ ಇಂಜೆಕ್ಷನ್ ಕೊಟ್ಟರು. ಕಂಪ್ಯೂಟರ್ ಬಂದದ್ದು ಸಾರ್ಥಕ ಎಂದು ನನಗೆ ಖಾತ್ರಿಯಾದದ್ದು ಅವತ್ತು.

ಕೆಲಸ ಬೇಗವಾಗುತ್ತದೆ ಎಂಬ ಮಾತನ್ನು ನಾನು ಅಷ್ಟು ಒಪ್ಪುವುದಿಲ್ಲ. ಟೈಪು ಮಾಡಲು ಹೊತ್ತು ಬೇಕು. ನಮ್ಮ ಡಾಕ್ಟ್ರು ಮಾತ್ರ ರೋಗಿಯ ಮುಖ ನೋಡಿ ಪೂರ್ತಿ ಕೇಳಿಸಿಕೊಂಡ ಮೇಲೆಯೇ ಕೀಲಿಮಣೆ ಮುಟ್ಟುತ್ತಿದ್ದರು. ಗುಟ್ಟು ಉಳಿದದ್ದು ಇನ್ನೂ ದೊಡ್ಡ ಲಾಭ. ಮೊದಲು ಮೇಜಿನ ಮೇಲೆ ತೆರೆದಿಟ್ಟ ರಿಜಿಸ್ಟರಿನಲ್ಲಿ ಯಾರ ಕಾಯಿಲೆಯನ್ನು ಯಾರು ಬೇಕಾದರೂ ಓದಬಹುದಿತ್ತು. ಸಣ್ಣ ಊರಿನಲ್ಲಿ ಕ್ಷಯ ಎಂಬ ಸುದ್ದಿ ಹಬ್ಬಿದರೆ ಮದುವೆಯೇ ಮುರಿಯುತ್ತದೆ. ಕ್ಷಯರೋಗಿಗಳ ವಿವರ ಇಡಲೆಂದೇ ಸರಕಾರದ ನಿಕ್ಷಯ್ ಎಂಬ ಕಂಪ್ಯೂಟರ್ ವ್ಯವಸ್ಥೆ 2012ರಲ್ಲಿ ಬಂದ ಮೇಲೆ, ಕ್ಷಯಕ್ಕೆ ಮದ್ದು ತಿನ್ನುತ್ತಾ ಮುಂಬೈಗೆ ಕೆಲಸಕ್ಕೆ ಹೋದವರ ದಾಖಲೆಯನ್ನು ಅಲ್ಲಿಗೇ ವರ್ಗಾಯಿಸಲು ದಾರಿಯಾಯಿತು.

ಗುಡುಗು ಬಂದರೆ ಕರೆಂಟು ಹೋಗುವ ಊರು ನಮ್ಮದು. ಅಂಥ ರಾತ್ರಿ ನೋಟ್ ಪುಸ್ತಕದಲ್ಲಿ ಬರೆದು, ಬೆಳಿಗ್ಗೆ ಬಂದು ತುಂಬುತ್ತೇವೆ. ಕುಂದಾಪುರಕ್ಕೋ ಮಣಿಪಾಲಕ್ಕೋ ಕಳಿಸುವವರ ವಿವರವನ್ನು ಇವತ್ತಿಗೂ ಒಂದು ಹಾಳೆಯಲ್ಲಿ ಮುದ್ರಿಸಿಯೇ ಕೊಡುತ್ತೇವೆ. ರೋಗಿ ಒಪ್ಪಿಗೆ ಕೊಟ್ಟ ಮೇಲೆ ಅವರು ದಾರಿಯಲ್ಲಿರುವಾಗಲೇ ಅಲ್ಲಿನ ವೈದ್ಯರು ಅದನ್ನು ಓದುವಂತಾಗಬೇಕು, ಅದೂ ಬೇಗ.