ಅರ್ಧ ನಿಮಿಷ ಮುಂದಿರುವ ಅಪ್ಪ

ಊರಲ್ಲಿ ಅಪ್ಪ ಒಂದು ಗೋಲು ನೋಡಿದರೆ, ಅದೇ ಗೋಲು ಬೆಂಗಳೂರಿನಲ್ಲಿ ಕೂತ ನನಗೆ ಕಾಣುವುದು ಹೆಚ್ಚುಕಮ್ಮಿ ಅರ್ಧ ನಿಮಿಷ ಕಳೆದ ಮೇಲೆ. ಅವರ ಹತ್ತಿರ ಇರುವುದು ಹಳೇ ಟಿವಿ, ಮಾಡಿನ ಮೇಲೊಂದು ಡಿಶ್. ನನ್ನ ಹತ್ತಿರ ಫೈಬರ್ ಕನೆಕ್ಷನ್, 55 ಇಂಚಿನ ಟಿವಿ, ದುಡ್ಡು ಕಟ್ಟಿದ ಆ್ಯಪ್. ಆದರೂ ಪ್ರತಿ ಸಲ ಗೆಲ್ಲೋದು ಅಪ್ಪನೇ.

ಕಾರಣ ಸರಳ. ಡಿಶ್‌ಗೆ ಸಿಗ್ನಲ್ ಉಪಗ್ರಹದಿಂದ ಕೆಲವೇ ಸೆಕೆಂಡಿನಲ್ಲಿ ಬಂದುಬಿಡುತ್ತದೆ. ಆ್ಯಪ್‌ನಲ್ಲಿ ಹಾಗಲ್ಲ. ವಿಡಿಯೋವನ್ನು ಸಣ್ಣ ಸಣ್ಣ ತುಂಡು ಮಾಡಿ, ಬೇರೆ ಬೇರೆ ಕ್ವಾಲಿಟಿಗೆ ಎನ್‌ಕೋಡ್ ಮಾಡಿ, ಊರೂರಿನ ಸರ್ವರ್‌ಗಳಿಗೆ ಹಂಚಬೇಕು. ನಡುವೆ ನಿಲ್ಲದಿರಲಿ ಅಂತ ನಮ್ಮ ಟಿವಿ ಒಂದಿಷ್ಟು ತುಂಡುಗಳನ್ನು ಕೂಡಿಟ್ಟುಕೊಂಡ ಮೇಲೇ ತೋರಿಸೋದು. ನಾವು ಆಫೀಸಿನಲ್ಲಿ ಇದಕ್ಕೆ ಲೇಟೆನ್ಸಿ ಅಂತೀವಿ. ಅಪ್ಪ "ನಿಂದು ಲೇಟ್ ಟಿವಿ" ಅಂತಾರೆ.

ಕೊಡಗು ಅಂದ ಕೂಡಲೇ ಎಲ್ಲರೂ ಹಾಕಿ ಅಂತಾರೆ. ಆದರೆ ಸುಂಟಿಕೊಪ್ಪದ ಆಸುಪಾಸಿನ ನಮ್ಮ ತೋಟದ ಕಡೆ ಹುಡುಗರಿಗೆ ಫುಟ್‌ಬಾಲೇ ಹುಚ್ಚು. ಅಪ್ಪನದು ಬಸ್‌ಸ್ಟ್ಯಾಂಡ್ ಎದುರಿನ ಫೋಟೋ ಸ್ಟುಡಿಯೋ. ಪಾಸ್‌ಪೋರ್ಟ್ ಸೈಜ್, ಮದುವೆ, ನಾಮಕರಣ, ಒಮ್ಮೊಮ್ಮೆ ಸಾವಿನ ಮನೆ. ಆಗ ರೀಲಿನ ಕಾಲ, ಒಂದು ರೀಲಿಗೆ 36 ಫೋಟೋ. ಫುಟ್‌ಬಾಲಿಗೆ ಅಂತ ಹೊಸ ರೀಲು ಹಾಕುವಷ್ಟು ಅನುಕೂಲ ನಮಗಿರಲಿಲ್ಲ. ಮದುವೆ ಮುಗಿದು ರೀಲಿನಲ್ಲಿ ಎರಡೋ ಮೂರೋ ಉಳಿದರೆ, ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ನೇರ ಮೈದಾನಕ್ಕೆ. ಇವತ್ತಿಗೂ ಹಳೇ ನೆಗೆಟಿವ್ ಹಿಡಿದು ನೋಡಿದರೆ ಧಾರೆ, ಊಟದ ಪಂಕ್ತಿ, ಅಳುವ ಮದುಮಗಳು, ಆಮೇಲೆ ಇದ್ದಕ್ಕಿದ್ದಂತೆ ಕೆಸರಿನಲ್ಲಿ ಬಿದ್ದ ಗೋಲ್‌ಕೀಪರ್!

"ಗೋಲ್ ಕಣ್ಣಿಗೆ ಕಂಡ್ರೆ ಫೋಟೋ ತಪ್ಪಿತು ಅಂತಲೇ ಲೆಕ್ಕ" ಅನ್ನೋರು ಅಪ್ಪ. ಆ ಕ್ಯಾಮೆರಾಗಳಲ್ಲಿ ಬಟನ್ ಒತ್ತಿದ ಗಳಿಗೆ ಒಳಗಿನ ಕನ್ನಡಿ ಮೇಲೇಳುತ್ತದೆ, ಕ್ಷಣಕಾಲ ಏನೂ ಕಾಣಿಸುವುದಿಲ್ಲ. ಫಿಲ್ಮಿನ ಮೇಲೆ ಬಿದ್ದದ್ದನ್ನು ಫೋಟೋಗ್ರಾಫರ್ ನೋಡಿರುವುದೇ ಇಲ್ಲ. ಅದಕ್ಕೇ ಮುಂಚೆಯೇ ಊಹಿಸಿ ಒತ್ತಬೇಕು. ಬಲಗಣ್ಣು ಕ್ಯಾಮೆರಾಗೆ, ಎಡಗಣ್ಣು ಮೈದಾನಕ್ಕೆ. ಫ್ರೇಮಿನ ಹೊರಗಿಂದ ಯಾರು ಓಡಿ ಬರ್ತಿದ್ದಾರೆ ಅಂತ ಹೇಳೋದು ಆ ಎಡಗಣ್ಣು.

2002ರ ವರ್ಲ್ಡ್ ಕಪ್ ಜಪಾನ್–ಕೊರಿಯಾದಲ್ಲಿ ನಡೆದಾಗ ಹಲವು ಮ್ಯಾಚುಗಳು ನಮಗೆ ಶಾಲೆಯ ಹೊತ್ತಿಗೇ. ಜೂನ್ 21, ಬ್ರೆಜಿಲ್–ಇಂಗ್ಲೆಂಡ್ ಕ್ವಾರ್ಟರ್ ಫೈನಲ್. ಅಪ್ಪ ಮಳೆಯಲ್ಲಿ ಕೊಡೆ ಹಿಡಿದು ಬಂದು "ಅರ್ಜಿಗೆ ಹಾಕ್ಲಿಕ್ಕೆ ಇವನ ಫೋಟೋ ತೆಗೀಬೇಕು" ಅಂತ ಮೇಷ್ಟ್ರಿಗೆ ಹೇಳಿ ನನ್ನನ್ನು ಕರೆದುಕೊಂಡು ಹೋದರು. ಸ್ಟುಡಿಯೋ ತಲುಪಿದವರು ಟಿವಿ ಹಾಕಲಿಲ್ಲ. ಮೊದಲು ಸ್ಟೂಲಿನ ಮೇಲೆ ಕೂರಿಸಿ ನಿಜಕ್ಕೂ ಒಂದು ಫೋಟೋ ತೆಗೆದರು. "ಮೇಷ್ಟ್ರಿಗೆ ಸುಳ್ಳು ಹೇಳಿದ ಹಾಗೆ ಆಗ್ಬಾರ್ದು." ಆಮೇಲೆ ರೊನಾಲ್ಡಿನ್ಹೋ ಅಷ್ಟು ದೂರದಿಂದ ಹೊಡೆದ ಫ್ರೀ ಕಿಕ್ ಸೀಮನ್ ತಲೆಯ ಮೇಲಿಂದ ಒಳಗೆ ಹೋದದ್ದನ್ನು ಇಬ್ಬರೂ ಒಟ್ಟಿಗೇ ನೋಡಿದೆವು. ಅಪ್ಪನ ಗೋಲಿಗೂ ನನ್ನ ಗೋಲಿಗೂ ಆಗ ಒಂದು ಸೆಕೆಂಡೂ ಅಂತರ ಇರಲಿಲ್ಲ.

ಬಿಇ, ಕೆಲಸ, ಮದುವೆ ಅಂತ ನಾನು ಬೆಂಗಳೂರಿನವನಾದೆ. ನಾನೂ ಅಪ್ಪನೂ ಫೋನಿನಲ್ಲಿ ಜಾಸ್ತಿ ಮಾತಾಡುವವರಲ್ಲ. "ಊಟ ಆಯ್ತಾ, ಮಳೆ ಉಂಟಾ" ಆದ ಮೇಲೆ ಫೋನು ಅಮ್ಮನ ಕೈಗೆ. ಫುಟ್‌ಬಾಲ್ ಇದ್ದರೆ ಮಾತ್ರ ಸ್ಪೀಕರ್ ಹಾಕಿ ಫೋನು ಪಕ್ಕಕ್ಕಿಟ್ಟು ಪೂರ್ತಿ ಮ್ಯಾಚ್ ಒಟ್ಟಿಗೆ ನೋಡ್ತೀವಿ. ಶುರುವಿನಲ್ಲಿ ಅವರು "ಗೋಲ್!" ಅಂತ ಕೂಗುವಾಗ ನನ್ನ ಟಿವಿಯಲ್ಲಿ ಚೆಂಡು ಇನ್ನೂ ಮೈದಾನದ ನಡುವೆ. ಒಂದು ದಿನ ರೇಗಿ "ಅಪ್ಪಾ, ಮೊದಲೇ ಹೇಳ್ಬೇಡಿ, ಮಜಾ ಹೋಗುತ್ತೆ" ಅಂದೆ. ಅಲ್ಲಿಂದ ಅವರು ಗೋಲಾದರೂ ಉಸಿರು ಬಿಗಿಹಿಡಿದು ಕೂರುತ್ತಿದ್ದರು. ನಾನು ಕೂಗಿದ ಮೇಲೆ, ಆಗಷ್ಟೇ ನೋಡಿದವರ ಹಾಗೆ ತಾವೂ ಕೂಗೋರು.

2022ರ ಡಿಸೆಂಬರ್ 18, ಅರ್ಜೆಂಟೀನಾ–ಫ್ರಾನ್ಸ್ ಫೈನಲ್. 3-3 ಆಗಿ ಎಕ್ಸ್‌ಟ್ರಾ ಟೈಮಿನ ಕೊನೆಯ ಗಳಿಗೆ. ಆ ಕಡೆ ಅಪ್ಪನ ಉಸಿರೇ ನಿಂತ ಹಾಗಾಯಿತು. ಏನೋ ಆಗಿದೆ ಅಂತ ನನಗೆ ಗೊತ್ತಾಯಿತು, ಏನು ಅಂತ ಗೊತ್ತಿಲ್ಲ. ಸ್ವಲ್ಪ ಹೊತ್ತಿಗೆ ನನ್ನ ಟಿವಿಯಲ್ಲಿ ಕೊಲೊ ಮುವಾನಿ ಹೊಡೆದ, ಮಾರ್ಟಿನೆಜ್ ಕಾಲು ಚಾಚಿ ತಡೆದ. ಪೆನಾಲ್ಟಿಯಲ್ಲಿ 4-2. ಮೆಸ್ಸಿ ಕಪ್ ಎತ್ತುವಾಗ ಇಬ್ಬರೂ ಅತ್ತೆವು.

ಅದೇ ಖುಷಿಯಲ್ಲಿ ಅಮ್ಮ ಫೋನು ತಗೊಂಡು "ಇವರು ಟಿವಿಗೆ ಮೂಗು ತಾಗಿಸಿಕೊಂಡು ಕೂತಿದ್ರು ಮಗ" ಅಂದರು. ಆಮೇಲೆ ದನಿ ತಗ್ಗಿಸಿ, "ಎಡಗಣ್ಣು ಸರಿ ಕಾಣುದಿಲ್ಲ. ಒಂದು ವರ್ಷ ಆಯ್ತು."

ಮರುವಾರವೇ ಮೈಸೂರಿನ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ. ಗ್ಲಾಕೋಮಾ. ಅವರ ವಿಷಯದಲ್ಲಿ ನೋವಿಲ್ಲ, ಕೆಂಪಿಲ್ಲ, ಸದ್ದಿಲ್ಲದೆ ಅಂಚಿನಿಂದ ಒಳಗೆ ಬಂದಿತ್ತು. ಹೋದ ದೃಷ್ಟಿ ವಾಪಸ್ ಬರುವುದಿಲ್ಲ, ದಿನಾ ಡ್ರಾಪ್ಸ್ ಹಾಕಿ ಉಳಿದಿದ್ದನ್ನು ಕಾಪಾಡಿಕೊಳ್ಳಬೇಕು ಅಂದರು ಡಾಕ್ಟರು. ಮನೆಯಲ್ಲಿ ಒಬ್ಬರಿಗಿದ್ದರೆ ಮಕ್ಕಳಿಗೂ ಬರುವ ಸಾಧ್ಯತೆ ಜಾಸ್ತಿ ಅಂತ ನನ್ನ ಕಣ್ಣಿನ ಪ್ರೆಷರನ್ನೂ ಅಲ್ಲೇ ನೋಡಿದರು. ನಿಮ್ಮ ಮನೆಯಲ್ಲಿ ನಲವತ್ತು ದಾಟಿದವರಿದ್ದರೆ ಒಮ್ಮೆ ತೋರಿಸಿ ಬನ್ನಿ. ಕನ್ನಡಕದ ನಂಬರ್ ನೋಡಿಸಿದರೆ ಇದು ಗೊತ್ತಾಗುವುದಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಎಲ್ಲ ಒಂದೊಂದೇ ಹೊರಗೆ ಬಂತು. ಒಂದು ಮದುವೆ ಆಲ್ಬಮ್‌ನಲ್ಲಿ ಮದುಮಗನ ಸೋದರಮಾವ ಎಡಗಡೆ ಅರ್ಧಕ್ಕೆ ಕಟ್ಟಾಗಿದ್ದರಂತೆ. ಅಷ್ಟು ವರ್ಷದಲ್ಲಿ ಮೊದಲ ಸಲ. ಆಮೇಲೆ ಅಪ್ಪ ಮದುವೆ ಒಪ್ಪಿಕೊಳ್ಳುವುದನ್ನೇ ನಿಲ್ಲಿಸಿದ್ದರು.

"ಯಾಕಪ್ಪಾ ನಂಗೆ ಹೇಳ್ಲಿಲ್ಲ?"

"ನಿನ್ನ ಪ್ರಾಜೆಕ್ಟ್ ಮುಗೀಲಿ ಅಂತ ಇದ್ದೆ. ಮತ್ತೆ ಪಾಪು ಹುಟ್ಲಿ ಅಂತ. ಮತ್ತೆ ವರ್ಲ್ಡ್ ಕಪ್ ಬಂತು." ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕರು. "ನೀನೇ ಹೇಳಿದ್ದಲ್ವಾ ಮಾರಾಯ, ಮೊದಲೇ ಹೇಳ್ಬೇಡಿ ಅಂತ."

ನನಗೆ ನಗು ಬರಲಿಲ್ಲ. ಗೋಲಿನ ಅರ್ಧ ನಿಮಿಷವನ್ನು ಅವರು ನನ್ನ ಮೇಲಿನ ಪ್ರೀತಿಯಿಂದ ತಡೆದಿಟ್ಟಿದ್ದರು. ಕಣ್ಣಿನ ಒಂದು ವರ್ಷವನ್ನೂ ಅದೇ ಪ್ರೀತಿಯಿಂದ ತಡೆದಿಟ್ಟಿದ್ದರು. ನಾನೂ ಬೇರೆ ಏನು ಕೇಳಿದ್ದೆ? ಪ್ರತಿ ಫೋನಿನಲ್ಲೂ ಮಳೆ ಉಂಟಾ ಅಂತ ಕೇಳಿದೆ, ಸ್ಟುಡಿಯೋ ಹೇಗಿದೆ ಅಂತ ಒಂದು ಸಲವೂ ಕೇಳಲಿಲ್ಲ.

ಈಗ ನಮ್ಮಿಬ್ಬರದು ಒಂದೇ ರೂಲು. ಗೋಲಾಗಲಿ, ಕಾಯಿಲೆಯಾಗಲಿ, ಗೊತ್ತಾದ ಕೂಡಲೇ ಹೇಳಬೇಕು. ರಾತ್ರಿ ಡ್ರಾಪ್ಸ್ ಹಾಕಿದ ಮೇಲೆ ಅವರೇ ಫೋನ್ ಮಾಡ್ತಾರೆ.

2024ರ ಯೂರೋ ಫೈನಲ್, ಸ್ಪೇನ್–ಇಂಗ್ಲೆಂಡ್. 1-1 ಆಗಿ, ಮುಗಿಯಲು ಇನ್ನೇನು ಐದಾರು ನಿಮಿಷ. ನನ್ನ ಟಿವಿಯಲ್ಲಿ ಚೆಂಡು ಎಲ್ಲೋ ನಡುವೆ ಸುತ್ತುತ್ತಿತ್ತು. ಫೋನಿನಿಂದ ಅಪ್ಪನ ಗಂಟಲು ಹರಿಯುವ ಹಾಗೆ ಕೂಗು ಬಂತು. "ಗೋಲ್! ಸ್ಪೇನ್! ಓಯರ್ಸಾಬಾಲ್!" ಒಳಗೆ ಮಲಗಿದ್ದ ಮಗಳು ಎದ್ದು ಅಳಲು ಶುರು ಮಾಡಿದಳು. ಅವಳನ್ನು ಎತ್ತಿಕೊಂಡು ಬಂದೆ. ಟಿವಿಯಲ್ಲಿ ಗೋಲು ಇನ್ನೂ ಆಗಿರಲಿಲ್ಲ.