ಜೀಪಿಗೊಂದು ಸೊಂಡಿಲು

ಸ್ನಾರ್ಕೆಲ್ ಎಂದೊಡನೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಅಂಡಮಾನಿನ ಕಡಲಲ್ಲಿ ಬಾಯಿಗೆ ಕೊಳವೆ ಕಚ್ಚಿಕೊಂಡು ಮೀನು ನೋಡುವ ಪ್ರವಾಸಿಗರು. ಪದದ ಮೂಲ ಅಷ್ಟು ವಿನೋದದ್ದಲ್ಲ. ಜಲಾಂತರ್ಗಾಮಿ ನೌಕೆ ನೀರೊಳಗೇ ಇದ್ದು ಡೀಸೆಲ್ ಎಂಜಿನ್ನನ್ನು ನಡೆಸಬೇಕಾದರೆ ಮೇಲಿನಿಂದ ಗಾಳಿ ಬರಬೇಕು. ಅದಕ್ಕಾಗಿ ನೀರಿನ ಮೇಲಕ್ಕೆ ಚಾಚುವ ಕೊಳವೆಯನ್ನು ಎರಡನೆಯ ಮಹಾಯುದ್ಧಕ್ಕೆ ತುಸು ಮುಂಚೆ ಡಚ್ಚರು ತಮ್ಮ ನೌಕೆಗಳಿಗೆ ಅಳವಡಿಸಿದರು. 1940ರಲ್ಲಿ ಅವರ ದೇಶ ಜರ್ಮನರ ವಶವಾದಾಗ ಸಾಧನವೂ ಕೈ ಬದಲಾಯಿಸಿತು. ಡಚ್ಚರು ಅದನ್ನು 'ಮೂಸುವವ' ಎಂಬರ್ಥದ ಪದದಿಂದ ಕರೆದರು. ಜರ್ಮನ್ ನಾವಿಕರ ಆಡುಮಾತಿನಲ್ಲಿ ಅದು 'ಮೂಗು' ಆಯಿತು. ಆ ಪದ ಅವರ ಗೊರಕೆಯ ಪದಕ್ಕೆ ನೆಂಟ. ಬ್ರಿಟಿಷರು 'ಸ್ನಾರ್ಟ್' ಎಂದರು. ಇಂಗ್ಲಿಷ್ ಎಂ.ಎ. ಮಾಡಿದವನಿಗೆ ಇಂಥ ವಂಶಾವಳಿಗಳ ಚಪಲ ಹೋಗುವುದಿಲ್ಲ. ಆದರೆ ಇವೆಲ್ಲಕ್ಕಿಂತ ನನಗೆ ಹಿಡಿಸಿದ ಹೆಸರು ಕೊಟ್ಟವರು ಚೆನ್ನೈನ ಪುದುಪೇಟೆಯ ಒಬ್ಬ ಮೆಕ್ಯಾನಿಕ್. ನಾನು ಕಾಗದದ ಮೇಲೆ ಬರೆದುಕೊಂಡು ಹೋಗಿದ್ದ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿ, 'ಓ, ತುಂಬಿಕ್ಕೈ!' ಎಂದರು. ತಮಿಳಿನಲ್ಲಿ ಆನೆಯ ಸೊಂಡಿಲು. ಆಳದ ಹೊಳೆಯನ್ನು ಈಜಿ ದಾಟುವಾಗ ಆನೆ ಮಾಡುವುದೂ ಇದನ್ನೇ: ಮೈಯೆಲ್ಲ ಮುಳುಗಿದರೂ ಸೊಂಡಿಲ ತುದಿಯೊಂದನ್ನು ಮೇಲಿಟ್ಟುಕೊಳ್ಳುತ್ತದೆ.

ನನ್ನದು ಹಳೆಯ ಮಹೀಂದ್ರ ಜೀಪು. ಪ್ಯೂಜೋ ವಿನ್ಯಾಸದ 2,112 ಸಿ.ಸಿ. ಡೀಸೆಲ್ ಎಂಜಿನ್. ನಾಲ್ಕು ಹೊಡೆತಗಳ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿಯನ್ನು ಎಳೆದುಕೊಳ್ಳುತ್ತದೆ. ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಲೆಕ್ಕ ಹಾಕಿದರೆ ಸೆಕೆಂಡಿಗೆ ಐವತ್ತು ಲೀಟರಿಗಿಂತ ಹೆಚ್ಚು. ಚೆನ್ನೈನವರಿಗೆ ಅರ್ಥವಾಗುವ ಅಳತೆಯಲ್ಲಿ ಹೇಳುವುದಾದರೆ, ಪ್ರತಿ ಸೆಕೆಂಡಿಗೆ ಎರಡೂವರೆ ವಾಟರ್ ಕ್ಯಾನ್ ತುಂಬ ಗಾಳಿ. ಸುಮ್ಮನೆ ಕುಳಿತ ಮನುಷ್ಯನಿಗೆ ಒಂದು ಉಸಿರಿಗೆ ಅರ್ಧ ಲೀಟರ್ ಸಾಕು.

ಈ ಉಸಿರಿನ ಜೊತೆಗೆ ನೀರು ಬಂದರೆ ಏನಾಗುತ್ತದೆ ಎಂಬುದು ಬಿಡಿಸಿ ಹೇಳಬೇಕಾದ ಸಂಗತಿ. ಪಿಸ್ಟನ್ ಮೇಲೇರಿದಾಗ ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ನನ್ನ ಎಂಜಿನ್ನಿನಲ್ಲಿ ಒಂದು ಸಿಲಿಂಡರಿನ ಗಾತ್ರ 528 ಸಿ.ಸಿ. ಒತ್ತಡದ ಅನುಪಾತ ಇಪ್ಪತ್ತರ ಆಸುಪಾಸಿನದು. ಹಾಗಾಗಿ ಪಿಸ್ಟನ್ ತುತ್ತತುದಿಯಲ್ಲಿರುವಾಗ ಮೇಲೆ ಉಳಿಯುವ ಜಾಗ ಇಪ್ಪತ್ತೈದು ಮೂವತ್ತು ಮಿಲಿಲೀಟರ್ ಮಾತ್ರ, ಎಂದರೆ ಊಟದ ದೊಡ್ಡ ಚಮಚದಲ್ಲಿ ಎರಡು ಚಮಚ. ಅದಕ್ಕಿಂತ ಹೆಚ್ಚು ನೀರು ಒಳಹೊಕ್ಕರೆ ಪಿಸ್ಟನ್ ಗೋಡೆಗೆ ಹಾಯ್ದಂತೆ ನಿಲ್ಲುತ್ತದೆ, ಕನೆಕ್ಟಿಂಗ್ ರಾಡ್ ಬಾಗುತ್ತದೆ ಅಥವಾ ಮುರಿಯುತ್ತದೆ. ಮಾಮೂಲಿ ವಾಹನ ವಿಮೆಯಲ್ಲಿ ಈ ಹಾನಿ ಸಾಮಾನ್ಯವಾಗಿ ಸೇರುವುದಿಲ್ಲ. ಪ್ರತ್ಯೇಕ ರಕ್ಷಣೆಗೆ ಪ್ರತ್ಯೇಕ ಹಣ. 2015ರ ಡಿಸೆಂಬರಿನಲ್ಲಿ, ತಾಂಬರಂನಲ್ಲಿ ಒಂದೇ ದಿನ 49 ಸೆಂಟಿಮೀಟರ್ ಮಳೆ ಸುರಿದಾಗ, ವೇಳಚ್ಚೇರಿಯ ನಮ್ಮ ಬೀದಿಯ ಕಾರುಗಳಲ್ಲಿ ಕೆಟ್ಟವು ಹೆಚ್ಚಾಗಿ ಮುಳುಗಿ ನಿಂತವಲ್ಲ, ಮುಳುಗಿದ ಮೇಲೆ ಯಾರೋ ಕೀಲಿ ತಿರುಗಿಸಿದವು. ನಿಂತ ಎಂಜಿನ್ ನೀರನ್ನು ಎಳೆದುಕೊಳ್ಳುವುದಿಲ್ಲ.

ಆಗ ನನಗಿದು ಬರಿಯ ಕುತೂಹಲ. ಕೆಲಸವಾದದ್ದು ಅತ್ತೆಯವರು ನಮ್ಮ ಮನೆಗೆ ಬಂದು ಡಯಾಲಿಸಿಸ್ ಆರಂಭವಾದ ಮೇಲೆ. ಸೋಮವಾರ, ಬುಧವಾರ, ಶುಕ್ರವಾರ. ಪ್ರತಿ ಸಲ ನಾಲ್ಕು ಗಂಟೆ. ಶುಕ್ರವಾರದಿಂದ ಸೋಮವಾರದವರೆಗಿನ ದೊಡ್ಡ ಅಂತರವೇ ಹೆಚ್ಚು ಅಪಾಯದ್ದೆಂದು ವೈದ್ಯರು ಮೊದಲೇ ಎಚ್ಚರಿಸಿದ್ದರು. ಮೂತ್ರಪಿಂಡ ಕೈಬಿಟ್ಟವರ ಮೈಯಲ್ಲಿ ಕುಡಿದ ನೀರು ಹೊರಹೋಗುವ ದಾರಿಯಿಲ್ಲದೆ ನಿಲ್ಲುತ್ತದೆ. ಮೊದಲು ಕಾಲು ಊದುತ್ತದೆ, ಮಿತಿ ಮೀರಿದರೆ ಶ್ವಾಸಕೋಶಕ್ಕೆ ಏರುತ್ತದೆ. ತುಂಗೆಯ ದಂಡೆಯಲ್ಲಿ ಬೆಳೆದ ಆಕೆ ಮನೆಯಲ್ಲಿ ಸ್ಟೀಲಿನ ಲೋಟದಲ್ಲಿ ಗೆರೆ ನೋಡಿ ದಿನಕ್ಕೆ 800 ಮಿಲಿಲೀಟರ್ ನೀರು ಕುಡಿಯುತ್ತಿದ್ದರು, ಸಾರು ಮಜ್ಜಿಗೆಗಳೂ ಅದರಲ್ಲೇ ಲೆಕ್ಕ. ಇಂಥವರಿಗೆ ಬೀದಿಯಲ್ಲಿ ನಾಲ್ಕು ದಿನ ನೀರು ನಿಂತರೆ ದಾರಿ ಯಾವುದು ಎಂಬುದನ್ನು ಮಳೆಗಾಲಕ್ಕೆ ಮುಂಚೆಯೇ ಯೋಚಿಸಿರಬೇಕಲ್ಲವೆ?

ಪೆಟ್ರೋಲ್ ಎಂಜಿನ್ನಿಗೆ ಗಾಳಿಯ ಜೊತೆ ಕಿಡಿಯೂ ಬೇಕು. ವಿದ್ಯುತ್ ಭಾಗಗಳು ಒದ್ದೆಯಾದರೆ ಅದು ಅಲ್ಲೇ ನಿಲ್ಲುತ್ತದೆ. ಹಳೆಯ ಡೀಸೆಲ್ ಒಮ್ಮೆ ಹೊತ್ತಿಕೊಂಡರೆ ಕಿಡಿಯ ಹಂಗಿಲ್ಲ. ಈ ಕಾರಣಕ್ಕೇ ಹಳೆಯ ಜೀಪನ್ನು ಆರಿಸಿಕೊಂಡದ್ದು, ಹೆಂಡತಿ ಇಂದಿಗೂ ಶಂಕಿಸುವಂತೆ ಮಧ್ಯವಯಸ್ಸಿನ ಹುರುಪಿಗಲ್ಲ. ಹೊಸ ವಾಹನಗಳಿಗೆ ತಯಾರಾದ ಸ್ನಾರ್ಕೆಲ್‌ಗಳು ದೊರೆಯುತ್ತವೆ. ನನ್ನದಕ್ಕೆ ಹೊಂದುವುದು ಸಿಕ್ಕಲಿಲ್ಲ, ಮನೆಯಲ್ಲೇ ಕಟ್ಟಬೇಕಾಯಿತು.

ನೋಡುವವರ ಕಣ್ಣು ಹೋಗುವುದು ವಿಂಡ್‌ಶೀಲ್ಡಿನ ಪಕ್ಕದಲ್ಲಿ ಎದ್ದು ನಿಂತ ಕೊಳವೆಯ ಮೇಲೆ. ಅದು ಎಲ್ಲಕ್ಕಿಂತ ಸುಲಭದ ಭಾಗ. ಕೊಳಾಯಿಯವರ 75 ಮಿಲಿಮೀಟರಿನ ಪಿ.ವಿ.ಸಿ. ಪೈಪು ಸಾಕು. ಕೊಳವೆಯ ಒಳವ್ಯಾಸ ಎಲ್ಲಿಯೂ ಎಂಜಿನ್ನಿನ ಮೂಲ ಗಾಳಿದಾರಿಗಿಂತ ಕಿರಿದಾಗಬಾರದು, ತಿರುವುಗಳು ಕಡಿಮೆಯಿರಬೇಕು, ಇದ್ದರೂ ಮೊಂಡಾಗಿರದೆ ಬಳುಕಿರಬೇಕು. ಬಾನೆಟ್ಟಿನೊಳಗೆ ಮಾತ್ರ ಪಿ.ವಿ.ಸಿ. ಸಲ್ಲದು, ಎಂಜಿನ್ನಿನ ಕಾವಿಗೆ ಮೆತ್ತಗಾಗುತ್ತದೆ. ಅಲ್ಲಿಗೆ ಲಾರಿಗಳಿಗೆ ಹಾಕುವ ದಪ್ಪ ರಬ್ಬರ್ ಹೋಸು, ಅದೂ ನೂಲಿನ ಪದರವಿರುವುದು. ತೆಳು ಹೋಸಾದರೆ ಎಂಜಿನ್ ಜೋರಾಗಿ ಉಸಿರೆಳೆದಾಗ ಕೆನ್ನೆಯಂತೆ ಒಳಗೆ ಕುಸಿದು ದಾರಿ ಮುಚ್ಚಿಕೊಳ್ಳುತ್ತದೆ.

ಕಷ್ಟವಿದ್ದದ್ದು ಏರ್ ಫಿಲ್ಟರಿನ ಡಬ್ಬಿಯಲ್ಲಿ. ನನ್ನ ಜೀಪಿನದು ಎಣ್ಣೆಬಟ್ಟಲಿನ ಹಳೆಯ ಮಾದರಿ, ಸುತ್ತಲೂ ತೆರೆದ ಕಿವಿಗಳು. ಅದಕ್ಕೆ ಕೊಳವೆ ಜೋಡಿಸುವುದೆಂದರೆ ಜರಡಿಗೆ ನಲ್ಲಿ ಜೋಡಿಸಿದಂತೆ. ಪುದುಪೇಟೆಯ ಓಣಿಗಳಲ್ಲಿ ಹಳೆಯ ವಾಹನಗಳನ್ನು ಬಿಚ್ಚಿ ಮಾರುತ್ತಾರೆ. ಅಲ್ಲಿ ಎರಡು ಶನಿವಾರ ಅಲೆದು, ಒಂದೇ ಬಾಯಿಯ ಮುಚ್ಚಿದ ಡಬ್ಬಿಯನ್ನು ತಂದು ಕಾಗದದ ಫಿಲ್ಟರ್ ಹಾಕಿದೆ. ಪ್ರತಿ ಕೂಡುಗೆಗೂ ಎರಡೆರಡು ಉಕ್ಕಿನ ಕ್ಲಾಂಪು. ಗಾಳಿದಾರಿಯ ಉದ್ದಕ್ಕೂ ಆರು ಕೂಡುಗೆಗಳಿದ್ದವು. ನನ್ನ ಒಂದು ತಿಂಗಳ ಸಂಜೆಗಳನ್ನೆಲ್ಲ ತಿಂದದ್ದು ಆ ಆರೇ.

ಕೊಳವೆಯ ತಲೆಯ ವಿಚಾರದಲ್ಲಿ ಮತಭೇದಗಳುಂಟು. ಬಾಯಿ ಮುಂದಕ್ಕಿದ್ದರೆ ಗಾಳಿ ತಾನಾಗಿ ನುಗ್ಗುತ್ತದೆ ಎನ್ನುವವರಿದ್ದಾರೆ; ನುಗ್ಗುವುದು ನಿಜ, ಮಳೆಯೂ ಜೊತೆಗೇ ನುಗ್ಗುತ್ತದೆ. ನಾನು ಬಾಯಿಯನ್ನು ಹಿಂದಕ್ಕೆ ತಿರುಗಿಸಿದೆ. ಇನ್ನು ಕೊಳವೆಯ ಬುಡದಲ್ಲಿ ಮಳೆನೀರು ಸೋರಿಹೋಗಲೆಂದು ಸಣ್ಣ ರಂಧ್ರ ಕೊರೆಯುವ ಪದ್ಧತಿ ಕೆಲವರಲ್ಲಿದೆ. ಒಣ ದಾರಿಯಲ್ಲಿ ಅದು ಸೋರುವ ರಂಧ್ರ, ನೀರೊಳಗೆ ಅದೇ ಹೀರುವ ರಂಧ್ರ. ಎಂಜಿನ್ ಎಳೆಯುವ ರಭಸಕ್ಕೆ ಎರಡು ಚಮಚ ತುಂಬಲು ಎಷ್ಟು ಹೊತ್ತು?

ರನ್ನನ ದುರ್ಯೋಧನನಿಗೆ ವೈಶಂಪಾಯನ ಸರೋವರದಲ್ಲಿ ಅಡಗಲು ಜಲಮಂತ್ರವಿತ್ತು. ನಮಗಿರುವುದು ಚಪಾತಿಮಣೆ. ಗಾಳಿದಾರಿಯಲ್ಲಿ ಸೋರಿಕೆಯಿಲ್ಲವೆಂದು ತಿಳಿಯುವ ಒಂದೇ ನಂಬಿಕೆಯ ಪರೀಕ್ಷೆ, ಓಡುತ್ತಿರುವ ಎಂಜಿನ್ನಿನ ಸೊಂಡಿಲ ಬಾಯಿಯನ್ನು ಪೂರ್ತಿ ಮುಚ್ಚುವುದು. ಹೀರುವ ಬಲ ಜೋರಾದ್ದರಿಂದ ಅಂಗೈ ಇಡಬಾರದು. ರಬ್ಬರ್ ಹಾಳೆ ಅಂಟಿಸಿದ ಮಣೆಯೊಂದನ್ನು ಒತ್ತಿ ಹಿಡಿಯಬೇಕು. ಎಂಜಿನ್ ಕೆಲವೇ ಕ್ಷಣಗಳಲ್ಲಿ ಉಸಿರುಕಟ್ಟಿ ನಿಲ್ಲಬೇಕು. ನಿಂತರೆ ಅದಕ್ಕೆ ಬೇರೆ ಮೂಗಿಲ್ಲ ಎಂದರ್ಥ. ಮೊದಲ ದಿನ ನನ್ನ ಜೀಪು ನಿಲ್ಲಲಿಲ್ಲ, ತುಸು ಕೆಮ್ಮಿ ಓಡುತ್ತಲೇ ಇತ್ತು. ಪುದುಪೇಟೆಯ ಡಬ್ಬಿಯ ಮುಚ್ಚಳದ ರಬ್ಬರ್ ಉಂಗುರ ವಯಸ್ಸಾಗಿ ಬಿರಿದಿತ್ತು. ಹೊಸ ಉಂಗುರ ಹಾಕಿದ ಭಾನುವಾರ, ಮಣೆ ಒತ್ತಿ ಮೂರು ಎಣಿಸುವಷ್ಟರಲ್ಲಿ ಇಡೀ ಜೀಪು ನಡುಗಿ ತಣ್ಣಗಾಯಿತು. ತಾನು ಕಟ್ಟಿದ್ದು ಸತ್ತುಬಿದ್ದುದಕ್ಕೆ ಮನುಷ್ಯ ಅಷ್ಟು ಸಂತೋಷಪಡುವುದನ್ನು ಬಾಲ್ಕನಿಯಲ್ಲಿದ್ದ ನೆರೆಯವರು ವಿಚಿತ್ರವಾಗಿ ನೋಡಿದರು.

ಕಾನೂನಿನ ಮಾತು ಒಂದಿದೆ. ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂಬ ಮೋಟಾರು ವಾಹನ ಕಾಯಿದೆಯ 52ನೆಯ ಕಲಮನ್ನು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಬಿಗಿಯಾಗಿಯೇ ಎತ್ತಿಹಿಡಿಯಿತು. ಕಡತಗಳ ನಡುವೆ ಬದುಕುವ ನಾನು ಅದನ್ನು ಮೂರು ಸಲ ಓದಿ, ಹೊರಗಿನ ಕೊಳವೆಯನ್ನು ಸ್ಪ್ಯಾನರ್ ಒಂದರಿಂದ ಬಿಚ್ಚಿಡುವಂತೆ ಮಾಡಿಕೊಂಡೆ. ವರ್ಷದ ಹತ್ತು ತಿಂಗಳು ಅದು ಅಟ್ಟದ ಮೇಲಿರುತ್ತದೆ.

ಸೊಂಡಿಲು ಎಂಜಿನ್ನಿಗೆ ಉಸಿರು ಕೊಡುತ್ತದೆ, ಅಷ್ಟೆ. ಚಕ್ರಕ್ಕೆ ಹಿಡಿತ ಕೊಡುವುದಿಲ್ಲ. ಬಿಸಿಯಾದ ಆಕ್ಸಲ್ ನೀರಿಗಿಳಿದೊಡನೆ ಒಳಗಿನ ಗಾಳಿ ತಣಿದು ಕುಗ್ಗಿ, ಸೀಲುಗಳ ಸಂದಿನಿಂದ ನೀರನ್ನು ಎಳೆದುಕೊಳ್ಳುತ್ತದೆ; ಅದಕ್ಕೂ ಸಣ್ಣ ಉಸಿರುನಾಳ ಮೇಲೇರಬೇಕು. ಇದಾವುದೂ ಹರಿಯುವ ನೀರಿಗೆ ಉತ್ತರವಲ್ಲ. ಒಂದು ಘನಮೀಟರ್ ನೀರನ್ನು ಸರಿಸಿದ ವಾಹನದ ತೂಕದಲ್ಲಿ ಒಂದು ಟನ್ನನ್ನು ನೀರೇ ಹೊರುತ್ತದೆ, ಉಳಿದ ತೂಕವಷ್ಟೇ ರಸ್ತೆಯ ಮೇಲೆ. ಎರಡು ಅಡಿ ಆಳದ ಸೆಳೆತ ಬಹುತೇಕ ವಾಹನಗಳನ್ನು ಕೊಚ್ಚಬಲ್ಲದು. ಸೊಂಡಿಲು ನೆತ್ತಿಯ ಮೇಲೆ ಎಷ್ಟು ಎತ್ತರವಿದ್ದರೂ ಈ ಲೆಕ್ಕದಲ್ಲಿ ಅದರ ಬೆಲೆ ಸೊನ್ನೆ.

2023ರ ಡಿಸೆಂಬರ್ 4, ಮಿಚಾಂಗ್ ಚಂಡಮಾರುತದ ದಿನ, ಸೋಮವಾರವಾಗಿತ್ತು. ವಿಮಾನ ನಿಲ್ದಾಣ ಮುಚ್ಚಿತ್ತು, ವಿದ್ಯುತ್ತಿರಲಿಲ್ಲ. ನಮ್ಮ ಬೀದಿ ಮುಖ್ಯರಸ್ತೆಯನ್ನು ಸೇರುವಲ್ಲಿ ಕಾಲುವೆ ಉಕ್ಕಿ, ನೀರು ರಸ್ತೆಗೆ ಅಡ್ಡಲಾಗಿ ಓಡುತ್ತಿತ್ತು. ನೋಡಿ ಬಂದು, ಇವತ್ತಾಗದು ಎಂದೆ.

'ಇಂಥ ದಿನಕ್ಕೆಂದೇ ಕಟ್ಟಿದ್ದಲ್ಲವೆ?' ಎಂದಳು ಹೆಂಡತಿ. ನಾನು ಘನಮೀಟರಿನ ಲೆಕ್ಕ ಹೇಳತೊಡಗಿದೆ. ಪಕ್ಕದ ಕೋಣೆಯಲ್ಲಿ ಅವಳ ತಾಯಿ ಕೆಮ್ಮುತ್ತಿರುವಾಗ ಅದು ಯಾವ ಮಗಳ ಕಿವಿಗೂ ಹೋಗುವ ಲೆಕ್ಕವಲ್ಲ. ನಮ್ಮ ಮದುವೆಯಲ್ಲಿ ಅಷ್ಟು ಹೊತ್ತು ಮಾತು ನಿಂತದ್ದು ಬೇರೆ ನೆನಪಿಲ್ಲ. ಆ ರಾತ್ರಿ ಅತ್ತೆಯವರು ಮಲಗಲಾರದೆ ಮೂರು ದಿಂಬಿಗೆ ಒರಗಿ ಕುಳಿತರು. ಅವರ ಉಸಿರಿನ ತಳದಲ್ಲಿ ಒಂದು ಸಣ್ಣ ಗುಳುಗುಳು ಕೇಳುತ್ತಿತ್ತು. ನಾನು ಎರಡು ಗಂಟೆಗೊಮ್ಮೆ ಟಾರ್ಚು ಹಿಡಿದು ಹೋಗಿ ಕಾಲುವೆಯ ಕಡೆ ನೋಡಿ ಬರುತ್ತಿದ್ದೆ.

ಮಂಗಳವಾರ ಬೆಳಿಗ್ಗೆ ಮಳೆ ನಿಂತಿತು. ನೀರು ಇಳಿದಿರಲಿಲ್ಲ, ಆದರೆ ಓಡುತ್ತಿರಲಿಲ್ಲ. ಅದರ ಮೇಲಿದ್ದ ಚಪ್ಪಲಿ, ಎಲೆ, ಹಾಲಿನ ಪೊಟ್ಟಣಗಳು ಇದ್ದಲ್ಲೇ ಇದ್ದವು. ಹಳೆಯ ಕಾಲದ ದೋಣಿಯವರು ಗಳ ಊರಿ ಆಳ ನೋಡುತ್ತಿದ್ದರೆಂದು ಅತ್ತೆಯವರೇ ಹಿಂದೊಮ್ಮೆ ಹೇಳಿದ್ದರು. ಬಟ್ಟೆ ಒಣಹಾಕುವ ಬಿದಿರಿಗೆ 70 ಸೆಂಟಿಮೀಟರ್ ಎತ್ತರದಲ್ಲಿ ಕೆಂಪು ಚಿಂದಿ ಕಟ್ಟಿ, ದಾರಿಯನ್ನು ಮೊದಲು ನಡೆದು ನೋಡಿದೆ. ತೆರೆದ ಮ್ಯಾನ್‌ಹೋಲೊಂದು ಗಳಕ್ಕೆ ಸಿಕ್ಕಿತು, ಅಲ್ಲಿ ಕುರ್ಚಿಯೊಂದನ್ನು ನಿಲ್ಲಿಸಿದೆವು. ನೀರು ಚಿಂದಿಯನ್ನು ಎಲ್ಲಿಯೂ ಮುಟ್ಟಲಿಲ್ಲ.

ಫ್ಯಾನ್ ಬೆಲ್ಟು ಸಡಿಲಿಸಿ, ಮೊದಲ ಗೇರಿನಲ್ಲಿ, ಮನುಷ್ಯ ನಡೆಯುವ ವೇಗದಲ್ಲಿ ಹೊರಟೆವು. ಬಂಪರಿನ ಮುಂದೆ ಒಂದು ಅಲೆ ಏಳುತ್ತದೆ. ಅದನ್ನು ತಳ್ಳಿಕೊಂಡೇ ಹೋಗಬೇಕು, ನಿಲ್ಲಬಾರದು, ಗೇರು ಬದಲಿಸಬಾರದು. ಜೀಪಿನ ನೆಲದಲ್ಲಿ ನೀರು ಬಂದು ಪಾದ ಮುಳುಗಿತು. ಬರಲೆಂದು ನೆಲದ ಬಿರಟೆಗಳನ್ನು ಬಿಚ್ಚಿಯೇ ಇಟ್ಟಿದ್ದೆ, ಒಳಗೆ ನೀರಿದ್ದಷ್ಟೂ ಜೀಪು ತೇಲದೆ ನೆಲ ಕಚ್ಚುತ್ತದೆ. ಕಿವಿಯ ಬಳಿ ಸೊಂಡಿಲು ಸೀಟಿಯಂತೆ ಗಾಳಿ ಎಳೆಯುತ್ತಿತ್ತು. ಹಿಂದಿನ ಸೀಟಿನಲ್ಲಿ ಇನ್ನೊಂದು ಉಸಿರು. ಎರಡನ್ನೂ ಕೇಳಿಸಿಕೊಂಡು ಆರುನೂರು ಮೀಟರ್ ದಾಟಲು ಹನ್ನೆರಡು ನಿಮಿಷ ಹಿಡಿಯಿತು. ಮೇಲ್ಸೇತುವೆ ಹತ್ತಿದ ಮೇಲೆ ಜೀಪಿನ ನೆಲದಿಂದ ನೀರು ಸುರಿದುಹೋಯಿತು.

ಆಸ್ಪತ್ರೆಯಲ್ಲಿ ಯಂತ್ರಗಳು ಜನರೇಟರಿನ ಮೇಲೆ ನಡೆಯುತ್ತಿದ್ದವು. ಡಯಾಲಿಸಿಸ್ ಯಂತ್ರ ನಿಮಿಷಕ್ಕೆ ಸುಮಾರು ಅರ್ಧ ಲೀಟರ್ ದ್ರವವನ್ನು ಹರಿಸುತ್ತದೆ, ನಾಲ್ಕು ಗಂಟೆಗೆ 120 ಲೀಟರ್, ಎಲ್ಲವೂ ಅತಿಶುದ್ಧ ನೀರಿನಿಂದ ಆದದ್ದು. ಊರೆಲ್ಲ ಮುಳುಗಿದ ಆ ದಿನ ಅವರಿಗೆ ಚಿಂತೆಯಿದ್ದದ್ದು ಒಳ್ಳೆಯ ನೀರು ಸಾಲುತ್ತದೆಯೋ ಇಲ್ಲವೋ ಎಂದು; ಬಂದವರಿಗೆಲ್ಲ ಮೂರು ಮೂರು ಗಂಟೆಯಂತೆ ಹಂಚಿದರು. ಅತ್ತೆಯವರ ಮೈಯಿಂದ ಎರಡೂವರೆ ಲೀಟರ್ ಇಳಿಸಿದರು. ಮಧ್ಯಾಹ್ನದ ಹೊತ್ತಿಗೆ ಅವರು ಚಪ್ಪಟೆಯಾಗಿ ಮಲಗಿ ನಿದ್ದೆಹೋಗಿದ್ದರು. ಹೆಂಡತಿ ಕಾರಿಡಾರಿನಲ್ಲಿ ನನ್ನ ಒದ್ದೆ ಬೂಟುಗಳನ್ನು ನೋಡಿ, ಕಾಫಿ ತರುತ್ತೇನೆಂದು ಎದ್ದಳು. ಹಿಂದಿನ ಮಧ್ಯಾಹ್ನದಿಂದ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು.

ಬುಧವಾರ ಎಣ್ಣೆಗಳನ್ನು ಪರೀಕ್ಷಿಸಿದೆ. ಎಂಜಿನ್ನಿನದು ಕಪ್ಪಗೆ ಸ್ವಚ್ಛವಾಗಿತ್ತು. ಹಿಂದಿನ ಆಕ್ಸಲಿನದು ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿತ್ತು, ಸವೆದ ಸೀಲಿನಿಂದ ನೀರು ಹೊಕ್ಕಿತ್ತು, ಬದಲಿಸಿದೆ. ಗುರುವಾರ ಮತ್ತೆ ಡಯಾಲಿಸಿಸ್. ಅಷ್ಟರಲ್ಲಿ ಬೀದಿಯ ನೀರು ಹಿಮ್ಮಡಿಗೆ ಇಳಿದಿತ್ತು, ಒಂದು ಆಟೋ ಗೇಟಿನವರೆಗೂ ಬಂತು. ಅತ್ತೆಯವರು ತಾನು ಆಟೋದಲ್ಲೇ ಹೋಗುತ್ತೇನೆಂದರು. ಜೀಪಿನ ಸೀಟು ಬೆನ್ನಿಗೆ ಒತ್ತುತ್ತದಂತೆ.